ಹನ್ನೊಂದು ಪದರದ ಹಿಮ್ಮಡಿ

ನಮ್ಮ ಭಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಇದು ಚಾಡಿಯಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಮೂವತ್ತು ವರ್ಷದಿಂದ ಒಂದೇ ಬ್ಯಾಂಕಿಗೆ ಹೋಗುತ್ತಾರೆ. ಮ್ಯಾನೇಜರು ಎದುರಿಗೆ ಬಂದು ನಗುತ್ತಾ ನಿಂತರೆ ಇವರು ಯಾರೋ ದಾರಿಹೋಕನನ್ನು ಕಂಡ ಹಾಗೆ ನೋಡಿ, ಕಣ್ಣು ಕೆಳಗಿಳಿಸಿ, ಬೂಟು ಕಂಡ ಮೇಲೆ "ಓ, ನೀವಾ! ಚೆನ್ನಾಗಿದ್ದೀರಾ?" ಎನ್ನುತ್ತಾರೆ. ಆ ಮನುಷ್ಯ ಹೊಸ ಬೂಟು ಹಾಕಿಕೊಂಡ ದಿನ ನಮ್ಮ ಭಾವನ ಪಾಲಿಗೆ ಅಪರಿಚಿತ.

ಇದರಲ್ಲಿ ಅವರ ತಪ್ಪಿಗಿಂತ ಅವರ ಅಂಗಡಿಯ ತಪ್ಪೇ ಹೆಚ್ಚು. ಭಾವ ಚಪ್ಪಲಿ, ಬೂಟು ಹೊಲಿಯುವವರು, ರಿಪೇರಿ ಮಾಡುವವರು. ಅವರ ಅಂಗಡಿ ಬೀದಿಯಿಂದ ಮೂರು ಮೆಟ್ಟಿಲು ಕೆಳಗಿದೆ. ಇರುವುದು ಒಂದೇ ಕಿಟಕಿ, ಅದೂ ಫುಟ್‌ಪಾತಿನ ಮಟ್ಟಕ್ಕೆ. ಒಳಗೆ ಕೂತವರಿಗೆ ಕಾಣುವುದು ಮೊಣಕಾಲಿನ ಕೆಳಗಿನ ಲೋಕ ಮಾತ್ರ. ಬೆಳಗಿನಿಂದ ಸಂಜೆಯವರೆಗೆ ಕಾಲುಗಳು ಬರುತ್ತವೆ, ಹೋಗುತ್ತವೆ, ನಿಂತು ಜಗಳವಾಡುತ್ತವೆ, ಯಾರಿಗೋ ಕಾಯುತ್ತಾ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸುತ್ತವೆ. ಬೀದಿಯ ತುಂಟರು ಅವರಿಗೆ ಕಾಲುಜ್ಞಾನಿ ಎಂದು ಹೆಸರಿಟ್ಟಿದ್ದಾರೆ. ಅಕ್ಕ ಮೊದಲ ಸಲ ಆ ಅಂಗಡಿಗೆ ಹೋದದ್ದು ಕಿತ್ತುಹೋದ ಚಪ್ಪಲಿ ಹಿಡಿದುಕೊಂಡು. ಇವರು ಆರು ತಿಂಗಳು ಅವಳ ಪಾದವನ್ನೇ ಪ್ರೀತಿಸಿ ಆಮೇಲೆ ಮುಖ ನೋಡಿದರು ಎಂದು ನಾನು ಇಂದಿಗೂ ಗೇಲಿ ಮಾಡುತ್ತೇನೆ. ಇಬ್ಬರೂ ಅಲ್ಲಗಳೆದಿಲ್ಲ.

ಸವೆದ ಒಂದು ಅಟ್ಟೆ ಕೈಗೆ ಬಂದರೆ ಸಾಕು, ಭಾವ ಅದರ ಮೇಲೆ ಹೆಬ್ಬೆರಳಾಡಿಸಿ ಮೆಟ್ಟಿದವರ ಜಾತಕ ಓದಿಬಿಡುತ್ತಾರೆ. ಮೂಲೆಮನೆಯ ಪಿಟೀಲು ಮೇಷ್ಟರ ಬಲಗಾಲಿನ ಮುಂಭಾಗ ಮಾತ್ರ ಸವೆಯುತ್ತದೆ, ಏಕೆಂದರೆ ಅವರು ಕೂತಲ್ಲೇ ತಾಳ ಹಾಕುತ್ತಾರೆ. ಎರಡು ಹಿಮ್ಮಡಿಗಳೂ ಹಿಂದುಗಡೆ ಸಮನಾಗಿ ಸವೆದಿದ್ದರೆ ಅದು ಮನೆಗೆ ಹೋಗಲು ಮನಸ್ಸಿಲ್ಲದೆ ಕಾಲೆಳೆದುಕೊಂಡು ನಡೆಯುವವರದ್ದು. ಆದರೆ ಓದಿದ್ದನ್ನು ಯಾರಿಗೂ ಹೇಳುವುದಿಲ್ಲ. ಪಾದ ಒಳಗೆ ಹೊರಳಿಸಿ ನಡೆಯುವ ಮಗುವಿನ ಬೂಟಿಗೆ ಒಳ ಅಂಚಿನಲ್ಲಿ ಒಂದು ತೆಳು ಚರ್ಮದ ತುಂಡು ಸೇರಿಸಿ ಕೊಡುತ್ತಾರೆ. ಮಗು ನೆಟ್ಟಗೆ ನಡೆಯುತ್ತದೆ, ತಾಯಿ ತಾನು ಕುಡಿಸಿದ ಹಾಲಿನ ಗುಣ ಎಂದುಕೊಳ್ಳುತ್ತಾಳೆ.

ಯಾಕೆ ಹೇಳುವುದಿಲ್ಲ ಎಂಬುದಕ್ಕೂ ಒಂದು ಕಥೆಯಿದೆ. ಹರೆಯದಲ್ಲಿ ಒಮ್ಮೆ ಹೇಳಿದ್ದರಂತೆ. ಎದುರು ಸಾಲಿನ ದರ್ಜಿಗೆ, "ನಿಮ್ಮ ಬಲಗಾಲು ಸ್ವಲ್ಪ ಎಳೀತಾ ಇದೆ, ಒಂದ್ಸಲ ಡಾಕ್ಟರಿಗೆ ತೋರ್ಸಿ" ಎಂದರಂತೆ. ದರ್ಜಿ ಕೆಂಡಾಮಂಡಲವಾಗಿ, "ನೀನು ಚಪ್ಪಲಿ ಹೊಲಿ, ಭವಿಷ್ಯ ಹೇಳ್ಬೇಡ" ಎಂದು ಎದ್ದುಹೋದ. ಅಂದಿನಿಂದ ಅವನು ಎದುರಿನ ಫುಟ್‌ಪಾತಿನಲ್ಲೇ ನಡೆಯತೊಡಗಿದ, ತನ್ನ ಕಾಲು ಈ ಕಿಟಕಿಗೆ ಬೀಳಬಾರದೆಂದು. ಒಂದು ವರ್ಷ ಕಳೆಯುವುದರೊಳಗೆ ಅವನ ಕೈಗೆ ಕೋಲು ಬಂತು. ಆಮೇಲೆ ಬೀದಿಯ ಜನ "ಚಪ್ಪಲಿಯವನ ಬಾಯಿ ಕೆಟ್ಟದ್ದು" ಎಂದು ಮಾತಾಡಿಕೊಂಡರು. ಭಾವ ಆವತ್ತೇ ಬಾಯಿಗೆ ಬೀಗ ಹಾಕಿದರು. "ಕಾಲು ಹೇಳಿದ್ದನ್ನ ಕೈ ಸರಿ ಮಾಡುತ್ತೆ. ನಡುವೆ ಬಾಯಿಗೇನು ಕೆಲಸ?" ಎನ್ನುವುದು ಅವರ ಸಿದ್ಧಾಂತ.

ಇಷ್ಟು ಸೂಕ್ಷ್ಮ ಕಣ್ಣಿನವರು ಮನೆಯೊಳಗೆ ಬಂದರೆ ಶುದ್ಧ ಕುರುಡರು. ಅಕ್ಕ ಹಜಾರದ ಗೋಡೆಗೆ ನೀಲಿ ಬಣ್ಣ ಹೊಡೆಸಿದ್ದು ಮೂರು ವಾರ ಅವರಿಗೆ ಗೊತ್ತಾಗಲಿಲ್ಲ. ಗೊತ್ತಾದಾಗ "ಯಾಕೋ ಮೋಡ ಮುಚ್ಚಿದ ಹಾಗಿದೆಯಲ್ಲ" ಎಂದು ಕಿಟಕಿಯ ಕಡೆ ನೋಡಿದರು.

ನನ್ನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆಯವರ ಬೆನ್ನು ಮಾತ್ರ ಕಂಡವಳು ಎನ್ನುತ್ತೀರಿ. ನಾನು ಬಸ್ ನಿಲ್ದಾಣದಲ್ಲಿ ಇಪ್ಪತ್ತೆಂಟು ವರ್ಷ ಟಿಕೆಟ್ ಕೊಟ್ಟವಳು. ಗಾಜಿನ ಕೆಳಗಿನ ಕಿಂಡಿಯಲ್ಲಿ ಒಂದು ಕೈ ಒಳಗೆ ಬರುತ್ತದೆ, ಟಿಕೆಟ್ ಹೊರಗೆ ಹೋಗುತ್ತದೆ, ಮುಂದಿನ ಕೈ. ಒಮ್ಮೆ ನಮ್ಮಕ್ಕನೇ ಸಾಲಿನಲ್ಲಿ ನಿಂತು, ಟಿಕೆಟ್ ತೆಗೆದುಕೊಂಡು, ಊರಿಗೆ ಹೋಗಿ ಬಂದು, "ಏನಮ್ಮ, ಸ್ವಂತ ಅಕ್ಕನ ಕೈಬಳೇನೂ ಗುರುತು ಹಿಡಿಯಲ್ವಾ?" ಎಂದು ಕೇಳಿದಳು. ನನಗೆ ನಾಚಿಕೆಯೇನೂ ಆಗಲಿಲ್ಲ. ಬಳೆ ನೋಡುತ್ತಾ ಕೂತರೆ ಹಿಂದಿನ ಸಾಲು ಸುಮ್ಮನಿರುತ್ತದೆಯೇ? ನಾಲ್ಕು ವರ್ಷದ ಹಿಂದೆ ಕೌಂಟರಿನ ಜಾಗಕ್ಕೆ ಯಂತ್ರ ತಂದು ನಿಲ್ಲಿಸಿ ನನ್ನನ್ನು ಮನೆಗೆ ಕಳಿಸಿದರು. ಆ ಯಂತ್ರವೂ ಯಾರ ಮುಖವನ್ನೂ ನೋಡುವುದಿಲ್ಲ, ಹಾಗಾಗಿ ಪ್ರಯಾಣಿಕರಿಗೆ ನಷ್ಟವೇನೂ ಆಗಿಲ್ಲ. ಮದುವೆ ನನಗೆ ಒಗ್ಗುವ ವಸ್ತು ಎನಿಸಿರಲಿಲ್ಲ, ಆದ್ದರಿಂದ ಅಮ್ಮನ ಕಾಲದಿಂದಲೂ ನಾನು ಅಕ್ಕ ಭಾವನ ಮನೆಯ ಮೇಲಿನ ಕೋಣೆಯಲ್ಲಿದ್ದೇನೆ. ಮನೆಯಲ್ಲಿ ನಾವು ಮೂವರೇ.

ಅಕ್ಕ ಅಂಚೆ ಹಂಚುವವಳು. ಬೀದಿಯವರ ಬಾಯಲ್ಲಿ ಪೋಸ್ಟಮ್ಮ. ಇಪ್ಪತ್ತಾರು ವರ್ಷದಿಂದ ಹೆಗಲಿಗೆ ಚೀಲ ಹಾಕಿಕೊಂಡು ನಡೆಯುತ್ತಿದ್ದಾಳೆ. ಅವಳು ನಡೆದರೆ ಜೊತೆಯವರು ಓಡಬೇಕು. ನಾಲ್ಕನೇ ಮಹಡಿಯ ಮುದುಕರನ್ನು ಕೆಳಗೆ ಕರೆಯದೆ ತಾನೇ ಮೇಲೆ ಹತ್ತಿ ಕಾಗದ ಕೊಟ್ಟು ಬರುತ್ತಾಳೆ. ಎರಡು ತಿಂಗಳಿಗೊಮ್ಮೆ ಅವಳ ಬೂಟಿನ ಅಟ್ಟೆ ಸವೆದುಹೋಗುತ್ತಿತ್ತು, ಭಾವ ಹೊಸದು ಹಾಕುತ್ತಿದ್ದರು. ನನ್ನ ಚಪ್ಪಲಿಗಳೋ ಹೊಸದರಂತೆ ಹೊಳೆಯುತ್ತಿದ್ದವು. "ನೋಡಿ ಕಲ್ತ್ಕೋ ಅಕ್ಕ, ವಸ್ತು ಜೋಪಾನ ಮಾಡೋದು ಹೇಗೆ ಅಂತ," ಎಂದು ನಾನು ಬೀಗುತ್ತಿದ್ದೆ. ಭಾವ ನನ್ನ ಚಪ್ಪಲಿಯ ಕಡೆ ಒಮ್ಮೆ ನೋಡಿ ಸುಮ್ಮನಾಗುತ್ತಿದ್ದರು.

ಅಕ್ಕನ ಪಾದರಕ್ಷೆಯ ವಿಷಯದಲ್ಲಿ ಭಾವನ ಎರಡು ಅಭ್ಯಾಸಗಳನ್ನು ನಾವು ಆಡಿಕೊಂಡು ನಗುತ್ತಿದ್ದೆವು. ಒಂದು, ಅಂಚೆ ಕಚೇರಿಯಿಂದ ಪ್ರತಿ ವರ್ಷ ಹೊಸ ಕಪ್ಪು ಬೂಟು ಬಂದರೂ ಅದರ ಎಡ ಹಿಮ್ಮಡಿ ಕಿತ್ತುಹಾಕಿ, ಹಳೆಯ ಬೂಟಿನ ಹಿಮ್ಮಡಿಯನ್ನೇ ಅದಕ್ಕೆ ಕೂರಿಸುತ್ತಿದ್ದರು. "ಪಳಗಿದ ಹಿಮ್ಮಡಿ" ಎನ್ನುತ್ತಿದ್ದರು. ಜಿಪುಣತನಕ್ಕೂ ಒಂದು ಕಲೆ ಬೇಕು ಎಂದು ನಾನು ಹೇಳುತ್ತಿದ್ದೆ. ಇನ್ನೊಂದು, ನಮ್ಮ ಮನೆಯ ಕಲ್ಲಿನ ನೆಲ ತಣ್ಣಗೆ ಕೊರೆಯುತ್ತದೆಂದು ಅವಳಿಗೆ ಮನೆಯೊಳಗೆ ಮೆಟ್ಟಲು ಮೆತ್ತನೆಯ ಚಪ್ಪಲಿ ಹೊಲಿದುಕೊಟ್ಟಿದ್ದರು. ದಿನವೂ ಅವಳು ಏಳುವ ಮುಂಚೆ ತಾವೇ ಎದ್ದು ಅದನ್ನು ಮಂಚದ ಪಕ್ಕ, ಅವಳ ಕಾಲು ಇಳಿಯುವ ಜಾಗಕ್ಕೇ ಸರಿಯಾಗಿ ಇಡುತ್ತಿದ್ದರು. ಸ್ನಾನದ ಮನೆಯ ಬಾಗಿಲಲ್ಲೂ ಒಂದು ಜೊತೆ. ಗಂಡಸರಲ್ಲಿ ಇಂಥವರೂ ಇರುತ್ತಾರಲ್ಲ ಎಂದು ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು.

ಮೊನ್ನೆ ಮೊನ್ನೆಯವರೆಗೆ ಹೀಗೇ ನಡೆದಿತ್ತು. ಕಳೆದ ವರ್ಷ ಒಂದು ರಜೆಯ ಬೆಳಗ್ಗೆ, ತಾರಸಿಯ ನೀರಿನ ಟ್ಯಾಂಕು ತುಂಬಿ ಸುರಿಯುವ ಸದ್ದು ಕೇಳಿತು. ಅಕ್ಕ ಸ್ನಾನಕ್ಕೆ ಹೋಗಿದ್ದಳು. ನಾನು ಕೈಗೆ ಸಿಕ್ಕ, ಅಲ್ಲ, ಕಾಲಿಗೆ ಸಿಕ್ಕ ಅವಳ ಚಪ್ಪಲಿ ಮೆಟ್ಟಿಕೊಂಡು ಓಡಿದೆ. ನಮ್ಮಿಬ್ಬರದೂ ಒಂದೇ ಅಳತೆ. ತಾರಸಿಗೆ ಬಂದವಳೇ ಒಂದು ಕಡೆ ವಾಲಿದೆ. ಇನ್ನೊಂದು ಹೆಜ್ಜೆ, ಮತ್ತೆ ವಾಲಿದೆ. ನಾನು ಕುಂಟುತ್ತಿದ್ದೆ! ಲಕ್ವ ಹೊಡೆಯಿತು ಎಂದುಕೊಂಡು ನೀರು ಹರಿಯುತ್ತಿದ್ದಂತೆಯೇ ಟ್ಯಾಂಕಿನ ಕಟ್ಟೆಯ ಮೇಲೆ ಕೂತೆ. ಕೈ ಎತ್ತಿ ನೋಡಿದೆ, ಎರಡೂ ಎದ್ದವು. ನಾಲಿಗೆ ಹೊರಳಿಸಿ ನನ್ನ ಹೆಸರು ನಾನೇ ಹೇಳಿಕೊಂಡೆ, ಸರಿಯಾಗೇ ಬಂತು. ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ಹಾಕಿದೆ, ನೆಟ್ಟಗೆ ನಡೆದೆ. ಮೆಟ್ಟಿದೆ, ಕುಂಟಿದೆ.

ಜೀವಮಾನದಲ್ಲಿ ಯಾವುದನ್ನೂ ಗಮನಿಸದ ನಾನು ಆ ದಿನ ಎರಡು ಚಪ್ಪಲಿಗಳನ್ನು ಅಟ್ಟೆಗೆ ಅಟ್ಟೆ ತಾಗಿಸಿ ಬೆಳಕಿಗೆ ಹಿಡಿದು ನೋಡಿದೆ. ಎಡಗಾಲಿನ ಹಿಮ್ಮಡಿ ಬಲಗಾಲಿನದಕ್ಕಿಂತ ಅರ್ಧ ಬೆರಳಿನಷ್ಟು ದಪ್ಪ. ಹೊರಗಿನಿಂದ ಏನೂ ಕಾಣದ ಹಾಗೆ ಅಂಚಿಗೆ ಬಟ್ಟೆಯ ಪಟ್ಟಿ ಸುತ್ತಿ ನಾಜೂಕಾಗಿ ಹೊಲಿದಿತ್ತು. ಹೊಲಿಗೆ ಯಾರದೆಂದು ಕೇಳಬೇಕಾಗಿರಲಿಲ್ಲ. ಈ ಚಪ್ಪಲಿಯಲ್ಲಿ ನಾನು ಕುಂಟಿದರೆ, ಇದಿಲ್ಲದೆ ಅಕ್ಕ ಕುಂಟಬೇಕು. ಅಷ್ಟು ಲೆಕ್ಕ ನನಗೂ ಬರುತ್ತದೆ. ಟ್ಯಾಂಕಿನ ನೀರು ನಿಲ್ಲಿಸುವುದು ಮರೆತೇಹೋಯಿತು.

ಚಪ್ಪಲಿ ಸ್ವಸ್ಥಾನಕ್ಕೆ ಇಟ್ಟು ಸೀದಾ ಅಂಗಡಿಗೆ ಹೋದೆ. ಭಾವ ಮೂರು ಪಾದದ ಕಬ್ಬಿಣದ ಅಚ್ಚಿನ ಮೇಲೆ ಯಾರದೋ ಬೂಟು ಕವುಚಿ ಮೊಳೆ ಹೊಡೆಯುತ್ತಿದ್ದರು. ತುಟಿಯ ನಡುವೆ ನಾಲ್ಕು ಮೊಳೆ ಕಚ್ಚಿಕೊಂಡಿದ್ದರು.

"ಅಕ್ಕನ ಎಡಗಾಲು ಯಾವಾಗಿಂದ ಗಿಡ್ಡ ಆಗಿದೆ?" ಎಂದೆ, ಬಾಗಿಲಲ್ಲೇ ನಿಂತು.

ಸುತ್ತಿಗೆ ನಿಂತಿತು. ಒಂದೊಂದೇ ಮೊಳೆ ತುಟಿಯಿಂದ ತೆಗೆದು ಡಬ್ಬಿಗೆ ಹಾಕಿದರು. ನಾಲ್ಕೂ ಮುಗಿದ ಮೇಲೆ ಬೇರೆ ದಾರಿ ಇರಲಿಲ್ಲ.

"ನಾಲ್ಕು ವರ್ಷ ಮೂರು ತಿಂಗಳು," ಎಂದರು.

"ಅವಳಿಗೆ ಗೊತ್ತಾ?"

ತಲೆಯಾಡಿಸಿದರು, ಇಲ್ಲವೆಂದು. "ಸ್ವಲ್ಪ ಸ್ವಲ್ಪವೇ ಏರಿಸ್ತಾ ಬಂದೆ. ಒಂದ್ಸಲಕ್ಕೆ ಎರಡು ಪೋಸ್ಟ್‌ಕಾರ್ಡ್ ದಪ್ಪ, ಅಷ್ಟೇ. ಸೊಂಟದ ಕೀಲು ಸವೀತಾ ಇದೆ ಕಣಮ್ಮ. ನಿಮ್ಮಮ್ಮನಿಗೆ ಆದ ಹಾಗೇ."

ಅಮ್ಮನ ಹೆಸರು ಬಂದ ಮೇಲೆ ನಾನು ಬಾಗಿಲು ಬಿಟ್ಟು ಒಳಗೆ ಬಂದೆ. ಗಿರಾಕಿಗಳ ಸ್ಟೂಲಿನ ಮೇಲೆ ಕೂತೆ. ಅಮ್ಮ ಕೊನೆಯ ಏಳು ವರ್ಷ ಹಾಸಿಗೆಯಲ್ಲಿದ್ದಳು. ಮೊದಲು ಕುಂಟಿದಳು, ಆಮೇಲೆ ಗೋಡೆ ಹಿಡಿದಳು, ಆಮೇಲೆ ಮಲಗಿದಳು. ಅವಳನ್ನು ಎತ್ತಿ ಕೂರಿಸಿ ಒರೆಸಿ ಮಲಗಿಸುತ್ತಿದ್ದವಳು ಅಕ್ಕ. ಆ ದಿನಗಳಲ್ಲಿ ಅಕ್ಕ ಒಂದಲ್ಲ ಹತ್ತು ಸಲ ಹೇಳಿದ್ದಳು: "ನನ್ನ ಕಾಲು ನಿಂತ ದಿನ ನಾನೂ ನಿಂತೆ ಅಂತ ತಿಳ್ಕೊಳ್ಳಿ." ನಾವು ಕೇಳಿ ಮರೆತಿದ್ದೆವು. ಭಾವ ಮರೆತಿರಲಿಲ್ಲ.

"ಹೇಳಿದ್ರೆ ಆವತ್ತಿಂದಲೇ ಅವಳ ಧೈರ್ಯ ಕುಂಟೋಕೆ ಶುರು ಮಾಡುತ್ತೆ ಅನ್ನಿಸ್ತು," ಎಂದರು ಭಾವ. "ಕುಂಟೋ ಪೋಸ್ಟಮ್ಮನ್ನ ಬೀದಿಗೆ ಕಳಿಸ್ತಾರಾ? ಒಳಗೆ ಕೂರಿಸಿ ಕಾಗದ ವಿಂಗಡಿಸು ಅಂತಾರೆ. ಅವಳು ಕೂತಲ್ಲಿ ಬದುಕೋಳಲ್ಲ. ಅದಕ್ಕೇ ನಾನೇ... ನನ್ನ ಕೈಲಿ ಆದಷ್ಟು..."

"ಅವಳಿಗೆ ನೋವಿಲ್ವಾ?"

"ಇದೆ. ನಡೆದ ಕಾಲಿಗೆ ನೋವು ಸಹಜ ಅಂತಾಳೆ. ನಾನೂ ಹೂಂ ಅಂತೀನಿ." ಅವರ ದನಿ ಸಣ್ಣದಾಯಿತು. "ಈ ಮೂರು ತಿಂಗಳಲ್ಲಿ ಮೂರು ಸಲ ಏರಿಸಿದ್ದೀನಿ. ಮೊದಲು ಆರು ತಿಂಗಳಿಗೆ ಒಂದು ಸಾಕಾಗ್ತಿತ್ತು. ಈಗ ನನ್ನ ಕೈಗೆ ಸಿಗ್ತಾ ಇಲ್ಲ."

ನನಗೆ ಬೈಯಬೇಕೆಂದಿತ್ತು. ಅದಕ್ಕೆಂದೇ ಹೋಗಿದ್ದೆ. ಆದರೆ ಅವರು ಅಂಟು ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುವುದನ್ನು ನೋಡಿ ಅರ್ಧ ಬೈಗುಳ ಬಿಟ್ಟುಕೊಟ್ಟೆ. ಉಳಿದರ್ಧ ಬೈದೆ. "ಕಂಡೂ ಕಾಣದ ಹಾಗೆ ಇರೋ ನನ್ನಂಥೋರು ಎಷ್ಟೋ ವಾಸಿ, ಭಾವ. ನೀವು ಕಂಡು, ಕಂಡಿದ್ದನ್ನ ಮುಚ್ಚೋಕೆ ಕಷ್ಟಪಟ್ಟು ಹೊಲಿಗೆ ಹಾಕಿದ್ದೀರಿ. ಇವತ್ತು ಸಂಜೆಯೊಳಗೆ ನೀವು ಹೇಳ್ತೀರೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ," ಎಂದರು.

ಸಂಜೆ ಊಟಕ್ಕೆ ಕೂತೆವು. ಭಾವ ಬಾಯಿ ತೆರೆದರು, ತುತ್ತು ಹಾಕಿಕೊಂಡರು. ಮತ್ತೆ ತೆರೆದರು, ನೀರು ಕುಡಿದರು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಅಷ್ಟರಲ್ಲಿ ಅಕ್ಕ ಏಳಲು ಹೋಗಿ ಕಾಲಿನಿಂದ ತಡಕಾಡಿದಳು. "ನನ್ನ ಚಪ್ಪಲಿ ಎಲ್ಲೋಯ್ತು?"

ಚಪ್ಪಲಿ ಭಾವನ ಕುರ್ಚಿಯ ಕೆಳಗಿತ್ತು. ಅವರೇ ಎಳೆದುಕೊಂಡಿದ್ದರು.

"ಬರಿಗಾಲಲ್ಲಿ ನಡಿ," ಎಂದರು.

"ಏನು ಹುಚ್ಚು ನಿಮಗೆ? ನೆಲ ಕೊರೀತಿದೆ."

"ಒಂದ್ಸಲ ನಡಿ. ನಡೀತಾ ಕೇಳಿಸ್ಕೋ."

ಅಕ್ಕ ನಗುತ್ತಲೇ ತಟ್ಟೆ ಹಿಡಿದು ಅಡುಗೆಮನೆಯ ಕಡೆ ಹೊರಟಳು. ಕಲ್ಲಿನ ನೆಲದ ಮೇಲೆ ಒಂದು ಹೆಜ್ಜೆ ಹಗುರ, ಒಂದು ಹೆಜ್ಜೆ ಧಪ್. ಹಗುರ, ಧಪ್. ಬೆಳಗ್ಗೆ ಮಂಚದಿಂದ ಇಳಿದ ಕೂಡಲೇ ಚಪ್ಪಲಿಗೆ ಕಾಲು ಹಾಕುತ್ತಿದ್ದವಳು ತನ್ನ ಹೆಜ್ಜೆಯ ಸದ್ದು ತಾನೇ ಕೇಳಿಸಿಕೊಂಡು ವರ್ಷಗಳಾಗಿದ್ದವು. ಐದನೇ ಹೆಜ್ಜೆಗೆ ನಿಂತಳು. ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. ಮತ್ತೆ ಎರಡು ಹೆಜ್ಜೆ ಹಾಕಿ ನೋಡಿದಳು.

"ಅಮ್ಮನ ಸದ್ದು," ಎಂದಳು.

ಆಮೇಲೆ ಭಾವ ಎಲ್ಲ ಹೇಳಿದರು. ಅವರು ಅಷ್ಟು ಹೊತ್ತು ಒಂದೇ ಸಮ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ. ಅಕ್ಕ ಅಳಲಿಲ್ಲ. ಪೂರ್ತಿ ಕೇಳಿ ಮುಗಿಸಿ, ನಿಧಾನವಾಗಿ ಹೇಳಿದಳು: "ಇಪ್ಪತ್ತಾರು ವರ್ಷದಿಂದ ಊರಿಗೆಲ್ಲ ಕಾಗದ ಹಂಚ್ತಿದ್ದೀನಿ. ಸಾವಿನ ಸುದ್ದಿ ಇದ್ದ ಕಾಗದನೂ ಒಂದು ದಿನ ನನ್ನ ಹತ್ರ ಇಟ್ಕೊಂಡಿಲ್ಲ. ನನ್ನ ಹೆಸರಿಗೆ ಬಂದ ಕಾಗದನ ನೀವು ನಾಲ್ಕು ವರ್ಷ ಇಟ್ಕೊಂಡ್ರಲ್ರೀ."

ಭಾವ ಚಪ್ಪಲಿಯನ್ನು ಕುರ್ಚಿಯ ಕೆಳಗಿನಿಂದ ಮೆಲ್ಲಗೆ ಈಚೆ ಸರಿಸಿದರು.

ನಾಲ್ಕು ದಿನ ಅವಳು ಭಾವನ ಜೊತೆ ಮಾತಾಡಲಿಲ್ಲ. ಮನೆಯಲ್ಲಿ ಚಪ್ಪಲಿ ಮುಟ್ಟಲಿಲ್ಲ. ಬೇಕೆಂದೇ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಬರಿಗಾಲಲ್ಲಿ ಓಡಾಡಿದಳು. ಹಗುರ, ಧಪ್. ಆ ಸದ್ದು ಕೇಳಿದಾಗಲೆಲ್ಲ ಭಾವ ಮೊಳೆ ಚುಚ್ಚಿಸಿಕೊಂಡವರ ಹಾಗೆ ಕಣ್ಣು ಮುಚ್ಚುತ್ತಿದ್ದರು. ಬೆಳಗ್ಗೆ ಎದ್ದು ಮಂಚದ ಪಕ್ಕ ಚಪ್ಪಲಿ ಇಡುವುದನ್ನು ಮಾತ್ರ ಬಿಡಲಿಲ್ಲ. ಕೆಲಸಕ್ಕೆ ಹೋಗುವಾಗ ಅವಳು ಬೂಟು ಹಾಕಿಕೊಳ್ಳಲೇಬೇಕಾಗಿತ್ತು. ಬೂಟಿನೊಳಗೆ ಕಾಲಿಡುವಾಗ ಅವಳ ಮುಖ ನೋಡಬೇಕಿತ್ತು, ಸಾಲ ಕೊಟ್ಟವನ ಮನೆಗೆ ಊಟಕ್ಕೆ ಹೋದವಳ ಹಾಗೆ.

ಐದನೇ ದಿನ ಮೂವರೂ ಮೂಳೆ ಡಾಕ್ಟರ ಹತ್ತಿರ ಹೋದೆವು. ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿ ನೋಡಿದರು, ಕಾಲು ಮಡಿಸಿ ತಿರುಗಿಸಿ ನೋಡಿದರು. "ಇದು ಯಾವಾಗ ಶುರುವಾಯ್ತು? ನಿಧಾನಕ್ಕೆ ಬಂತಾ, ಈಚೆಗೆ ಜೋರಾಯ್ತಾ? ನಿಮಗೆ ನೆನಪಿರೋದನ್ನ ಹೇಳಿ," ಎಂದರು.

ಅಕ್ಕ ಐದು ದಿನದಲ್ಲಿ ಮೊದಲ ಬಾರಿಗೆ ಗಂಡನ ಕಡೆ ತಿರುಗಿದಳು. "ಕೇಳ್ತಿದ್ದಾರಲ್ಲ, ಹೇಳಿ."

ಭಾವನ ಬಾಯಿ ಮತ್ತೆ ಕೈಕೊಟ್ಟಿತು. ಕೆಳಗೆ ಕೂತರು. ಅಕ್ಕ ಬಿಚ್ಚಿಟ್ಟಿದ್ದ ಎಡಬೂಟನ್ನು ಮಡಿಲಿಗೆ ಎಳೆದುಕೊಂಡರು, ಜೇಬಿನಿಂದ ಸೊಟ್ಟ ಚಾಕು ತೆಗೆದರು. ಡಾಕ್ಟರಮ್ಮ ಕುರ್ಚಿ ಹಿಂದೆ ಸರಿಸಿದರು. "ಹೆದರ್ಬೇಡಿ ಡಾಕ್ಟ್ರೇ, ಇವರು ಮಾತಾಡೋದು ಹೀಗೇನೇ," ಎಂದೆ ನಾನು.

ಭಾವ ಹಿಮ್ಮಡಿಯ ಕೆಳಗಿನ ರಬ್ಬರು ಎಬ್ಬಿಸಿದರು. ಆಮೇಲೆ ಒಂದೊಂದೇ ಪದರ ಬಿಡಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ಹನ್ನೊಂದು ತೆಳುವಾದ ಚರ್ಮದ ತುಂಡುಗಳು. ಪ್ರತಿಯೊಂದರ ಒಳಮೈಯಲ್ಲಿ ಪೆನ್ಸಿಲಿನಲ್ಲಿ ತಿಂಗಳು, ವರ್ಷ. ಅಂಟಿನಲ್ಲಿ ಅರ್ಧ ಅಳಿಸಿದ್ದವನ್ನು ಅವರೇ ಓದಿ ಹೇಳಿದರು. ಮೊದಲ ಎಂಟು ತುಂಡುಗಳು ನಾಲ್ಕು ವರ್ಷದ್ದು. ಕೊನೆಯ ಮೂರು, ಮೂರೇ ತಿಂಗಳಿನದ್ದು.

ಡಾಕ್ಟರಮ್ಮ ಒಂದೊಂದನ್ನೂ ಎತ್ತಿ ನೋಡಿದರು, ಅಳತೆಪಟ್ಟಿ ಇಟ್ಟು ದಪ್ಪ ಅಳೆದು ಬರೆದುಕೊಂಡರು. "ಇಷ್ಟು ಸ್ಪಷ್ಟವಾಗಿ ಯಾರೂ ನನಗೆ ಕಾಯಿಲೆ ಕಥೆ ಹೇಳಿಲ್ಲ," ಎಂದರು. ಆಮೇಲೆ, ಸ್ವಲ್ಪ ತಡೆದು, "ಇವನ್ನ ಎರಡನೇ ಪದರ ಹಾಕಿದಾಗಲೇ ತಂದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು.

ಭಾವ ನೆಲದ ಮೇಲಿಂದ ಏಳಲಿಲ್ಲ. ಅಕ್ಕ ಎದುರಿನ ಗೋಡೆ ನೋಡುತ್ತಿದ್ದಳು.

"ಕೀಲು ಬದಲಾಯಿಸಬೇಕು. ಇನ್ನು ತಡ ಮಾಡೋ ಹಾಗಿಲ್ಲ," ಎಂದರು ಡಾಕ್ಟರಮ್ಮ. "ನಡೀತಾರೆ ಅನ್ನೋ ನಂಬಿಕೆ ನನಗಿದೆ. ಮೊದಲಿನ ಹಾಗೇ ನಡೀತಾರೆ ಅಂತ ಮಾತ್ರ ಮಾತು ಕೊಡೋದಿಲ್ಲ."

ಹೊರಡುವಾಗ ಅಕ್ಕ ಆ ಹನ್ನೊಂದು ತುಂಡುಗಳನ್ನೂ ಒಟ್ಟು ಮಾಡಿ, ಚೀಲದಿಂದ ಕಾಗದದ ಕಟ್ಟು ಕಟ್ಟುವ ದಾರ ತೆಗೆದು ಬಿಗಿದು, ಚೀಲದೊಳಗೆ ಹಾಕಿಕೊಂಡಳು. "ನನ್ನ ಕಾಗದ. ನನ್ನ ಹತ್ರ ಇರ್ಲಿ," ಎಂದಳು. ಹಿಮ್ಮಡಿಯಿಲ್ಲದ ಬೂಟು ಮೆಟ್ಟುವ ಹಾಗಿರಲಿಲ್ಲ. ಬೇರೆ ದಾರಿ ಕಾಣದೆ ಭಾವನ ಹೆಗಲ ಮೇಲೆ ಕೈಯಿಟ್ಟು ಕುಂಟುತ್ತಾ ಬೀದಿಗೆ ಬಂದಳು. ಕಾಗದ ಹಂಚಿದ ಬೀದಿಗಳಲ್ಲಿ ಎಲ್ಲರ ಕಣ್ಣೆದುರು ಕುಂಟಿದಳು. ಯಾರೋ "ಏನಾಯ್ತು ಪೋಸ್ಟಮ್ಮ?" ಎಂದರೆ "ಸೊಂಟ ಸವೆದಿದೆ, ರಿಪೇರಿಗೆ ಹೋಗ್ತಿದೆ" ಎಂದಳು. ಅವಳ ಧೈರ್ಯ ಕುಂಟಲಿಲ್ಲ. ಭಾವನ ಲೆಕ್ಕ ಅಲ್ಲೊಂದು ಕಡೆ ತಪ್ಪಿತ್ತು.

ಶಸ್ತ್ರಚಿಕಿತ್ಸೆಯ ದಿನ ಬೆಳಗ್ಗೆ ಆಸ್ಪತ್ರೆಯ ಮಂಚದಲ್ಲಿ ಹೊದಿಕೆಯಾಚೆ ಅವಳ ಪಾದಗಳು ಕಾಣುತ್ತಿದ್ದವು. ಭಾವ ಮಂಚದ ಕಾಲುಗಡೆ ನಿಂತು ಅವನ್ನೇ ನೋಡುತ್ತಿದ್ದರು.

"ಕಾಲು ನೋಡಿದ್ದು ಸಾಕು," ಎಂದಳು ಅಕ್ಕ. "ಈ ಕಡೆ ಬನ್ನಿ. ಮುಖ ನೋಡಿ."

ಅವರು ಬಂದರು, ನೋಡಿದರು. ನನಗೆ ಆಚೆ ಹೋಗಬೇಕೆನಿಸಿತು, ಆದರೆ ಬಾಗಿಲು ಅವರ ಬೆನ್ನ ಹಿಂದಿತ್ತು.

"ಇನ್ಮೇಲೆ ಕಂಡಿದ್ದನ್ನ ಮೊದಲು ನನಗೆ ಹೇಳ್ಬೇಕು. ಚರ್ಮಕ್ಕೆ ಆಮೇಲೆ."

"ಹೂಂ."

"ಹೂಂ ಅಲ್ಲ. ಬಾಯಿಬಿಟ್ಟು."

"ಹೇಳ್ತೀನಿ," ಎಂದರು ಭಾವ. ಹೇಳುತ್ತಾ ಅತ್ತುಬಿಟ್ಟರು. ಅಕ್ಕ ಹೊದಿಕೆಯ ಅಂಚಿನಿಂದ ಅವರ ಮೂಗು ಒರೆಸಿದಳು.

ಕೀಲು ಚೆನ್ನಾಗಿ ಕೂತಿತು. ಎರಡು ಕಾಲೂ ಸಮವಾದವು. ಮೊದಲ ಕೆಲವು ದಿನ ವಾಕರು ಹಿಡಿದಳು, ಆಮೇಲೆ ಕೋಲು. ಭಾವ ಅವಳ ಎಲ್ಲ ಚಪ್ಪಲಿ ಬೂಟುಗಳ ಎತ್ತರ ಇಳಿಸಿ ಹೊಸ ಹಿಮ್ಮಡಿ ಹಾಕಿದರು. ಅಂಚೆ ಕಚೇರಿಯವರು ಐದು ತಿಂಗಳು ಒಳಗೆ ಕೂರಿಸಿ ಕಾಗದ ವಿಂಗಡಿಸಲು ಹಚ್ಚಿದರು. ಅವಳು ಶಾಪ ಹಾಕುತ್ತಲೇ ವಿಂಗಡಿಸಿದಳು. ಕೊನೆಗೆ ಒಂದು ಸಣ್ಣ ಸುತ್ತು ಕೊಟ್ಟರು, ಬರೀ ನೆಲಮಹಡಿಯ ಅಂಗಡಿಗಳು ಮತ್ತು ಒಂದು ಹಳೆಯ ಕಟ್ಟಡ. ಮೆಟ್ಟಿಲು ಹತ್ತಕೂಡದೆಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದರು.

ಹೊಸ ಸುತ್ತು ಶುರುವಾಗಿ ಒಂದು ತಿಂಗಳಾದ ಮೇಲೆ, ಒಂದು ಸಂಜೆ ಭಾವ ಅವಳ ಬೂಟು ಕೈಯಲ್ಲಿ ಹಿಡಿದು ಹಜಾರಕ್ಕೆ ಬಂದರು. ಪರೀಕ್ಷೆಗೆ ನಿಂತ ಹುಡುಗನ ಹಾಗೆ ಗಂಟಲು ಸರಿಮಾಡಿಕೊಂಡರು.

"ಹೇಳ್ಲಾ?"

"ಹೇಳಿ," ಎಂದಳು ಅಕ್ಕ.

"ಎರಡೂ ಮುಂಭಾಗ, ಬೆರಳಿನ ಬುಡದಲ್ಲಿ ಸವೆದಿದೆ. ಸಮತಟ್ಟಿನಲ್ಲಿ ನಡೆದ್ರೆ ಅಲ್ಲಿ ಸವೆಯಲ್ಲ." ಮತ್ತೊಮ್ಮೆ ಗಂಟಲು ಸರಿಮಾಡಿಕೊಂಡರು. "ನೀನು ಮೆಟ್ಟಿಲು ಹತ್ತುತ್ತಿದ್ದೀಯ."

ಅಕ್ಕನ ಮುಖ ಕೆಂಪಾಯಿತು. "ಎರಡೇ ಮಹಡಿ ಕಣ್ರೀ. ಆ ಹಳೇ ಕಟ್ಟಡದಲ್ಲಿ ಒಂದು ಅಜ್ಜಿ ಇದೆ, ಪಾಪ, ಇಳಿಯೋಕಾಗಲ್ಲ..." ಎಂದು ತೊದಲಿ, ಸಿಕ್ಕಿಬಿದ್ದದ್ದಕ್ಕೆ ತಾನೇ ನಕ್ಕಳು. ಭಾವನೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. "ಕಳ್ಳಿ! ಇಷ್ಟು ವಯಸ್ಸಾದ ಮೇಲೂ!" ಎಂದೆ.

ಅಷ್ಟು ಜೋರಾಗಿ ನಗಬಾರದಿತ್ತು. ಅಕ್ಕ ನನ್ನ ಕಡೆ ನೋಡಿ, "ಇವಳದ್ದೂ ಹೇಳಿಬಿಡಿ ಹಾಗಾದ್ರೆ," ಎಂದಳು.

ಭಾವನ ನಗು ನಿಂತಿತು. "ಬೇಡ," ಎಂದರು.

"ಮಾತು ಕೊಟ್ಟಿದ್ದೀರಿ."

ಬಾಗಿಲ ಬಳಿಯಿದ್ದ ನನ್ನ ಚಪ್ಪಲಿ ತಂದರು. ಕವುಚಿ ಹಿಡಿದರು. "ಹೊಲಿದು ಕೊಡುವಾಗ ನಾನು ಅಟ್ಟೆ ಮೇಲೆ ಗುರುತಿಗೆ ಒಂದು ಗೆರೆ ಹಾಕ್ತೀನಿ. ಆರು ತಿಂಗಳಲ್ಲಿ ಅಳಿಸಿಹೋಗುತ್ತೆ. ನಿನ್ನದು ಮೂರು ವರ್ಷ ಆದ್ರೂ ಹಾಗೇ ಇದೆ ಕಣಮ್ಮ." ನನ್ನ ಮುಖ ನೋಡದೆ ಹೇಳಿ ಮುಗಿಸಿದರು. "ಕೌಂಟರ್ ಮುಚ್ಚಿದ ಮೇಲೆ ನೀನು ಗೇಟು ದಾಟಿದ್ದು ಬೆರಳಲ್ಲಿ ಎಣಿಸಬಹುದು."

"ಹಾಳು ಮಾಡದೆ ಇಟ್ಕೊಳ್ಳೋದೂ ತಪ್ಪಾ?" ಎಂದು ಚಪ್ಪಲಿ ಕಿತ್ತುಕೊಂಡು ನನ್ನ ಕೋಣೆಗೆ ಹೋದೆ. ಬಾಗಿಲು ಹಾಕಿಕೊಂಡು ಅಟ್ಟೆ ನೋಡಿದೆ. ಗೆರೆ ಇತ್ತು, ನಿನ್ನೆ ಎಳೆದ ಹಾಗೆ. ಮೂರು ವರ್ಷದಿಂದ ಅದನ್ನು ಮೆಟ್ಟುತ್ತಿದ್ದೆ, ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ನಾನು ಜೋಪಾನ ಎಂದು ಬೀಗಿದ್ದು ಅದನ್ನೇ. ತುಂಬಾ ಸಂಕಟವಾಯಿತು. ದರ್ಜಿ ಎದುರಿನ ಫುಟ್‌ಪಾತಿಗೆ ಯಾಕೆ ಹೋದನೆಂದು ಆ ಸಂಜೆ ನನಗೆ ಅರ್ಥವಾಯಿತು.

ಮರುದಿನ ನಾಲ್ಕು ಗಂಟೆಗೆ ಅಕ್ಕ ಮೆಟ್ಟಿಲ ಕೆಳಗೆ ಕೋಲು ಹಿಡಿದು ನಿಂತು ಕೂಗಿದಳು. "ಬಾರೇ, ಸ್ವಲ್ಪ ನಡೆದು ಬರೋಣ. ಒಬ್ಬಳೇ ಹೋಗ್ಬೇಡ ಅಂದಿದ್ದಾರೆ ಡಾಕ್ಟರು."

ಡಾಕ್ಟರಮ್ಮ ಹಾಗೆ ಹೇಳಿರಲಿಲ್ಲ. ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ನಾನೂ ಅವರ ಕೋಣೆಯಲ್ಲೇ ಇದ್ದೆ. ಆದರೂ ಇಳಿದು ಹೋದೆ. ಮೊದಲ ದಿನ ಬೀದಿಯ ತುದಿಯವರೆಗೆ. ಆಮೇಲೆ ಉದ್ಯಾನದವರೆಗೆ. ಒಂದು ದಿನ ಬಸ್ ನಿಲ್ದಾಣದವರೆಗೂ ಹೋಗಿ ನನ್ನ ಜಾಗದಲ್ಲಿ ನಿಂತಿದ್ದ ಯಂತ್ರವನ್ನು ನೋಡಿ ಬಂದೆ. ಅದರ ಒಂದು ಗುಂಡಿ ಕೆಟ್ಟಿತ್ತು. ಅಕ್ಕನ ಕೈಯಲ್ಲಿ ಬಳೆಯಿಲ್ಲ, ಎಷ್ಟೋ ವರ್ಷದ ಹಿಂದೆಯೇ ತೆಗೆದಿಟ್ಟಿದ್ದಾಳೆ ಎಂಬುದನ್ನು ನಾನು ಆ ನಡಿಗೆಗಳಲ್ಲೇ ಗಮನಿಸಿದ್ದು.

ಕಳೆದ ವಾರ ಬಲಗಾಲಿನ ಚಪ್ಪಲಿ ಬಾಯಿಬಿಟ್ಟಿತು. ಅದನ್ನೇ ಎಳೆದುಕೊಂಡು ಅಂಗಡಿಗೆ ಹೋದೆ. ಮೆಟ್ಟಿಲು ಇಳಿಯುವ ಮೊದಲೇ ಒಳಗಿನಿಂದ "ಬಾಮ್ಮ" ಎಂದರು. ಕಿಟಕಿಯಲ್ಲಿ ನನ್ನ ಕಾಲು ಗುರುತು ಹಿಡಿದಿದ್ದರು.

ಚಪ್ಪಲಿ ಕೈಗೆ ಕೊಟ್ಟೆ. ಭಾವ ಕವುಚಿ ಹೆಬ್ಬೆರಳಾಡಿಸಿದರು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದರು.

"ಗೆರೆ ಪೂರ್ತಿ ಅಳಿಸಿದೆ ಕಣಮ್ಮ," ಎಂದರು.

"ಗೊತ್ತು," ಎಂದೆ. "ಹೊಸ ಅಟ್ಟೆ ಹಾಕಿ ಕೊಡಿ, ಭಾವ. ಬೇಗ ಬೇಕು. ನಾಲ್ಕಕ್ಕೆ ಹೋಗ್ಬೇಕು ನಾವು."